ಬೇಟೆಗಾರನ ಚಾಕು ಚಿಕ್ಕದಾದ ಕಥೆ

ಬೇಟೆ ಚಾಕುವಿನಿಂದ ಯಾರೂ ಬೇಟೆಯಾಡುವುದಿಲ್ಲ. ಆ ಕೆಲಸ ಕೋವಿಯದು, ಬಿಲ್ಲಿನದು. ಪ್ರಾಣಿ ನೆಲಕ್ಕುರುಳಿದ ಮೇಲೆಯೇ ಚಾಕು ಒರೆಯಿಂದ ಹೊರಗೆ ಬರುವುದು. ಹೊಟ್ಟೆ ಸೀಳಬೇಕು, ಕರುಳು ತೆಗೆಯಬೇಕು, ಚರ್ಮ ಸುಲಿಯಬೇಕು, ಕೀಲು ಬಿಡಿಸಬೇಕು. ಮೈಯ ಬಿಸಿ ಬೇಗ ಇಳಿಯದಿದ್ದರೆ ಮಾಂಸ ಕೆಡುತ್ತದೆ, ಆದ್ದರಿಂದ ಇದೆಲ್ಲ ಕಾಡಿನಲ್ಲೇ, ಕೈಗೆ ರಕ್ತ ಮೆತ್ತಿಕೊಂಡಿರುವಾಗಲೇ ಆಗಬೇಕು. ಇಷ್ಟು ಸರಳವಾದ ಸಂಗತಿ ಅಮೆರಿಕದ ಚಾಕುಗಳ ಆಕಾರದಲ್ಲಿ ಇಳಿದು ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ನೂರು ವರ್ಷಗಳಲ್ಲಿ ಬೇಟೆ ಚಾಕು ಹತ್ತು ಇಂಚಿನಿಂದ ನಾಲ್ಕು ಇಂಚಿಗೆ ಇಳಿಯಿತು.

ಅಲ್ಲಿನ ಚಾಕುವಿನ ಕಥೆ ಶುರುವಾಗುವುದೇ ಒಂದು ಹೊಡೆದಾಟದಿಂದ. 1827ರ ಸೆಪ್ಟೆಂಬರಿನಲ್ಲಿ ಮಿಸಿಸಿಪ್ಪಿ ನದಿಯ ಮರಳುದಿಬ್ಬದ ಮೇಲೆ ಇಬ್ಬರು ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತರು. ಅವರಿಬ್ಬರಿಗೂ ಏನೂ ಆಗಲಿಲ್ಲ, ಜೊತೆಗೆ ಬಂದವರು ಮಾತ್ರ ಕಾದಾಟಕ್ಕಿಳಿದರು. ಗುಂಡೇಟು ತಿಂದು ಬಿದ್ದಿದ್ದ ಜಿಮ್ ಬೋವಿ ಎಂಬಾತ ತನ್ನ ದೊಡ್ಡ ಚಾಕುವಿನಿಂದ ಎದುರಾಳಿಯನ್ನು ಕೊಂದ. ಪತ್ರಿಕೆಗಳು ಸುದ್ದಿಯನ್ನು ಊರೂರಿಗೆ ಹಬ್ಬಿಸಿದವು. 1836ರಲ್ಲಿ ಟೆಕ್ಸಾಸಿನ ಅಲಾಮೊದಲ್ಲಿ ಅವನು ಸತ್ತ ಮೇಲಂತೂ ಬೋವಿ ಚಾಕು ದಂತಕಥೆಯಾಯಿತು. ಇಂಗ್ಲೆಂಡಿನ ಶೆಫೀಲ್ಡ್ ಕಾರ್ಖಾನೆಗಳು ಅದೇ ಮಾದರಿಯಲ್ಲಿ ಚಾಕು ಮಾಡಿ ಅಮೆರಿಕಕ್ಕೆ ಕಳಿಸಿದವು. ಉದ್ದನೆಯ ಅಲಗು, ತುದಿಯಲ್ಲಿ ಬೆನ್ನಿನ ಭಾಗವನ್ನು ಒಳಗೆ ಕೊರೆದು ಹರಿತವಾಗಿ ಮೇಲೆತ್ತಿದ ಮೊನೆ, ದಪ್ಪನೆಯ ಅಡ್ಡಪಟ್ಟಿ. ಮನುಷ್ಯನನ್ನು ಇರಿಯಲು ಒಪ್ಪುವ ಆಕಾರ. ಮುಂದೆ ಎಷ್ಟೋ ಕಾಲ ಬೇಟೆಗಾರರ ಸೊಂಟದಲ್ಲೂ ಅದೇ ಮಾದರಿಯ ಚಾಕು ತೂಗಾಡುತ್ತಿತ್ತು.

ಲೈಬ್ರೇರಿಯನ್ ಬರೆದ ಅಳತೆ

ದೊಡ್ಡ ಚಾಕುವಿನ ಹುಚ್ಚಿಗೆ ಮೊದಲು ತಕರಾರು ತೆಗೆದವರು ಕಾಡಿನಲ್ಲಿ ನಿಜವಾಗಿ ವಾಸಮಾಡಿದವರು. ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬ ಲೇಖಕ ‘ನೆಸ್ಮುಕ್’ ಎಂಬ ಹೆಸರಿನಲ್ಲಿ 1884ರಲ್ಲಿ ‘ವುಡ್‌ಕ್ರಾಫ್ಟ್’ ಎಂಬ ಪುಸ್ತಕ ಬರೆದ. ಅವನು ಕಾಡಿಗೆ ಒಯ್ಯುತ್ತಿದ್ದುದು ಮೂರು ಉಪಕರಣ: ಕೈಗೊಡಲಿ, ತೆಳುವಾದ ಅಲಗಿನ ಒರೆಚಾಕು, ಮಡಿಸುವ ಚಾಕು. ಕಡಿಯುವ ಕೆಲಸಕ್ಕೆ ಕೊಡಲಿ ಇದ್ದಮೇಲೆ ಚಾಕು ದಪ್ಪವಾಗಿರುವ ಅಗತ್ಯವಿಲ್ಲ, ಅದು ಕೊಯ್ದರೆ ಸಾಕು. ಒಂದೇ ಅಲಗು ಎಲ್ಲ ಕೆಲಸ ಮಾಡಬೇಕೆಂಬ ಹಟವನ್ನು ನೆಸ್ಮುಕ್ ಅಲ್ಲಿಗೇ ಬಿಟ್ಟಿದ್ದ.

ಅವನ ದಾರಿಯಲ್ಲೇ ಬಂದವನು ಹೊರೇಸ್ ಕೆಫಾರ್ಟ್. ಸೇಂಟ್ ಲೂಯಿಸ್‌ನ ದೊಡ್ಡ ಗ್ರಂಥಾಲಯವೊಂದರ ಮುಖ್ಯಸ್ಥನಾಗಿದ್ದವನು, ಬದುಕಿನಿಂದ ಬೇಸತ್ತು 1904ರಲ್ಲಿ ಸ್ಮೋಕಿ ಬೆಟ್ಟಗಳ ಕಾಡು ಸೇರಿದ. 1906ರಲ್ಲಿ ಬಂದ ಅವನ ಕ್ಯಾಂಪಿಂಗ್ ಪುಸ್ತಕದಲ್ಲಿ ಚಾಕುವಿನ ಬಗ್ಗೆ ಖಚಿತವಾದ ಅಳತೆಗಳಿವೆ. ಮಾರುಕಟ್ಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಳಸಿ ನೋಡಿ, ಯಾವುದೂ ಸರಿಬರದೆ, ಕೊನೆಗೆ ಒಬ್ಬ ಕಮ್ಮಾರನಿಂದ ತನಗೆ ಬೇಕಾದ ಹಾಗೆ ಮಾಡಿಸಿಕೊಂಡ ಚಾಕು ಅದು. ಅಲಗು ನಾಲ್ಕೂವರೆ ಇಂಚು, ಹಿಡಿಯೂ ನಾಲ್ಕೂವರೆ ಇಂಚು. ಅಗಲ ಒಂದು ಇಂಚು, ಬೆನ್ನಿನ ದಪ್ಪ ಇಂಚಿನ ಎಂಟನೇ ಒಂದು ಭಾಗ. ಕೆತ್ತನೆಯಿಲ್ಲ, ಅಡ್ಡಪಟ್ಟಿಯಿಲ್ಲ. ಅಂಗಡಿಯಲ್ಲಿಟ್ಟರೆ ಯಾರೂ ತಿರುಗಿ ನೋಡದಂಥ ಚಾಕು. ಆದರೆ ಇವತ್ತಿಗೂ ‘ಕೆಫಾರ್ಟ್’ ಎಂಬ ಹೆಸರಿನಲ್ಲಿ ಎಷ್ಟೋ ತಯಾರಕರು ಅದೇ ಆಕಾರವನ್ನು ಮಾಡುತ್ತಿದ್ದಾರೆ.

ಅದೇ ಹೊತ್ತಿಗೆ ಮಿಷಿಗನ್‌ನ ಗ್ಲ್ಯಾಡ್‌ಸ್ಟನ್‌ನಲ್ಲಿ ವೆಬ್‌ಸ್ಟರ್ ಮಾರ್ಬಲ್ ಎಂಬ ಸರ್ವೆಯವನು ಕಾರ್ಖಾನೆ ತೆರೆದಿದ್ದ. ಮರದ ಅಂದಾಜು ಹಾಕಲು ಕಾಡು ಸುತ್ತಿದ ಅನುಭವ ಅವನದು. ಅವನ ಜನಪ್ರಿಯ ಬೇಟೆ ಚಾಕುವಿನ ಹೆಸರೇ ‘ಐಡಿಯಲ್’. ಆ ಆದರ್ಶವೂ ಕೊನೆಯ ಮಾತಾಗಲಿಲ್ಲ. 1915ರ ಹೊತ್ತಿಗೆ ಅದೇ ಕಾರ್ಖಾನೆ ನಾಲ್ಕೂವರೆ ಇಂಚಿನ, ಅಗಲ ಬಾಯಿಯ ‘ವುಡ್‌ಕ್ರಾಫ್ಟ್’ ಚಾಕುವನ್ನು ಹೊರತಂದಿತು. ಸುಲಿಯುವ ಕೆಲಸಕ್ಕೆ ಉದ್ದಕ್ಕಿಂತ ಬಾಯಿಯ ಬಾಗು ಮುಖ್ಯ ಎಂಬುದು ಆ ಹೊತ್ತಿಗೆ ಗೊತ್ತಾಗಿತ್ತು.

ದೋಣಿಯ ಬಣ್ಣ, ಪ್ಯಾಕರ್ಡ್ ಕಾರಿನ ಸ್ಪ್ರಿಂಗು

ಕಾರ್ಖಾನೆಯ ಚಾಕುಗಳ ನಡುವೆ ಕೈಯಿಂದ ಮಾಡಿದ ಚಾಕು ಮತ್ತೆ ತಲೆಯೆತ್ತಿದ್ದು 1930ರ ದಶಕದಲ್ಲಿ. ಫ್ಲಾರಿಡಾದ ಕಿತ್ತಳೆ ತೋಟಗಾರ ಬೋ ರ‍್ಯಾಂಡಲ್ ಮಿಷಿಗನ್‌ನ ವಾಲೂನ್ ಸರೋವರದ ದಂಡೆಯಲ್ಲಿ ಒಬ್ಬಾತ ಚಾಕುವಿನಿಂದ ದೋಣಿಯ ಹಳೇ ಬಣ್ಣ ಕೆರೆಯುತ್ತಿದ್ದುದನ್ನು ಕಂಡ. ಅಷ್ಟು ಕೆರೆದರೂ ಬಾಯಿ ಮೊಂಡಾಗಿರಲಿಲ್ಲ. ಅದು ವಿಲಿಯಂ ಸ್ಕೇಗಲ್ ಎಂಬ ಒಂಟಿ ಕುಶಲಕರ್ಮಿ ಮಾಡಿದ ಚಾಕು. ರ‍್ಯಾಂಡಲ್ ಅದನ್ನು ಕೊಂಡು, ನೋಡಿ, ತಾನೂ ಮಾಡತೊಡಗಿದ. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಅವನ ಚಾಕುಗಳಿಗೆ ಮುಗಿಬಿದ್ದರು. ಆರ್ಡರ್ ಕೊಟ್ಟವರು ತಿಂಗಳುಗಟ್ಟಲೆ ಕಾಯಬೇಕಾಯಿತು.

ಆ ಕಾಯುವಿಕೆಯೇ ಮುಂದಿನ ತಿರುವಿಗೆ ಕಾರಣ. 1950ರ ದಶಕದ ಆರಂಭದಲ್ಲಿ ಬಾಬ್ ಲವ್‌ಲೆಸ್ ಎಂಬ ಯುವ ನಾವಿಕ ನ್ಯೂಯಾರ್ಕಿನ ಆಬರ್‌ಕ್ರಾಂಬಿ ಆಂಡ್ ಫಿಚ್ ಅಂಗಡಿಗೆ ಹೋಗಿ ರ‍್ಯಾಂಡಲ್ ಚಾಕು ಕೇಳಿದ. ಆಗ ಅದು ಬೇಟೆ ಮತ್ತು ಮೀನು ಹಿಡಿಯುವ ಸಾಮಾನಿನ ಹೆಸರಾಂತ ಅಂಗಡಿ. ಒಂಬತ್ತು ತಿಂಗಳು ಕಾಯಬೇಕು ಎಂದರು. ಲವ್‌ಲೆಸ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ನ್ಯೂಅರ್ಕ್‌ನ ಗುಜರಿಯಲ್ಲಿ ಹಳೇ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ಪ್ಲೇಟು ಹಿಡಿದು ತಂದು, ತಾನು ಕೆಲಸ ಮಾಡುತ್ತಿದ್ದ ಎಣ್ಣೆ ಹಡಗಿನ ಅಡುಗೆಮನೆಯ ಒಲೆಯಲ್ಲಿ ಕಾಸಿ, ಬಡಿದು ಚಾಕು ಮಾಡಿಕೊಂಡ. ನಮ್ಮ ಹಳ್ಳಿಯ ಕುಲುಮೆಗಳಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಚ್ಚು, ಕುಡುಗೋಲು ಮಾಡುತ್ತಾರಲ್ಲ, ಅದೇ ಲೆಕ್ಕ. ಆ ಉಕ್ಕಿನಲ್ಲಿ ಕೊಯ್ಯುವ ಗಡಸೂ ಇದೆ, ಮುರಿಯದ ಜಿಗುಟೂ ಇದೆ.

ಮುಂದೆ ಅದೇ ಅಂಗಡಿಯೇ ಅವನ ಚಾಕುಗಳನ್ನು ಕೊಂಡು ಮಾರಿತು. ಲವ್‌ಲೆಸ್ ಕೊನೆಗೆ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ನೆಲೆನಿಂತು, 2010ರಲ್ಲಿ ತೀರಿಕೊಳ್ಳುವವರೆಗೂ ಚಾಕುವಿನ ಕೆಲಸದಲ್ಲೇ ಇದ್ದ. ಬಡಿಯುವುದನ್ನು ಕೈಬಿಟ್ಟು, ಉಕ್ಕಿನ ಪಟ್ಟಿಯನ್ನು ಸೀದಾ ಸಾಣೆಗೆ ಹಿಡಿದು ಬೇಡದ್ದನ್ನು ಕಳೆದು ಆಕಾರ ತೆಗೆಯುವ ವಿಧಾನ ಅವನಿಂದಾಗಿ ಪ್ರಸಿದ್ಧವಾಯಿತು. ಕುಲುಮೆ ಇಲ್ಲದವನೂ ಮನೆಯ ಹಿಂದಿನ ಶೆಡ್ಡಿನಲ್ಲಿ ಚಾಕು ಮಾಡಬಹುದು ಎಂದಾಯಿತು. 1970ರಲ್ಲಿ ಹುಟ್ಟಿದ ಚಾಕು ತಯಾರಕರ ಸಂಘ ‘ನೈಫ್‌ಮೇಕರ್ಸ್ ಗಿಲ್ಡ್’ನ ಮೊದಲ ಸಾಲಿನಲ್ಲಿ ಅವನಿದ್ದ. 1977ರಲ್ಲಿ ರಿಚರ್ಡ್ ಬಾರ್ನಿ ಜೊತೆ ಸೇರಿ, ಚಾಕು ಮಾಡುವುದು ಹೇಗೆಂದು ಪುಸ್ತಕವನ್ನೂ ಬರೆದ. ಕಸುಬಿನ ಗುಟ್ಟು ಬಚ್ಚಿಡುವ ಜಾತಿ ಅವನದಲ್ಲ.

ಮೊನೆ ಕೆಳಗಿಳಿದದ್ದು ಯಾಕೆ?

ಲವ್‌ಲೆಸ್‌ನ ಹೆಸರು ಉಳಿದಿರುವುದು ‘ಡ್ರಾಪ್ ಪಾಯಿಂಟ್’ ಎಂಬ ಬೇಟೆ ಚಾಕುವಿನಿಂದ. ಮೊನೆ ಕೆಳಗಿಳಿದ ಚಾಕುಗಳು ಅದಕ್ಕೆ ಮೊದಲೂ ಇದ್ದವು. ಅದನ್ನು ತಿದ್ದಿ ತೀಡಿ ಒಂದು ಮಾದರಿಯಾಗಿ ನಿಲ್ಲಿಸಿದವನು ಅವನು. ಆ ಆಕಾರದ ಗುಣ ತಿಳಿಯಬೇಕಾದರೆ ಜಿಂಕೆಯ ಹೊಟ್ಟೆ ಸೀಳುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು.

ಪ್ರಾಣಿಯನ್ನು ಅಂಗಾತ ಮಲಗಿಸಿ, ಎದೆಗೂಡಿನ ಕೆಳಗೆ ಚರ್ಮವನ್ನು ಚಿವುಟಿ ಎತ್ತಿ ಸಣ್ಣದಾಗಿ ಗೀರುತ್ತಾರೆ. ಆ ಕಂಡಿಯೊಳಗೆ ಎಡಗೈಯ ಎರಡು ಬೆರಳು ತೂರಿಸಿ, ಚರ್ಮವನ್ನು ಒಳಗಿನ ಕರುಳಿನಿಂದ ಮೇಲಕ್ಕೆತ್ತಿ ಹಿಡಿಯುತ್ತಾರೆ. ಚಾಕುವಿನ ಬಾಯಿ ಮೇಲ್ಮುಖವಾಗಿ, ಬೆನ್ನು ಕೆಳಗಾಗಿ, ಆ ಎರಡು ಬೆರಳಿನ ನಡುವೆ ಓಡಬೇಕು. ಕೆಳಗೆ ಕಾಣದ ಜಾಗದಲ್ಲಿ ಜಠರವಿದೆ, ಕರುಳಿದೆ. ಮೊನೆ ಒಂದಿಷ್ಟು ತಾಗಿ ಕರುಳು ತೂತಾದರೆ ಅದರೊಳಗಿನದೆಲ್ಲ ಮಾಂಸದ ಮೇಲೆ ಹರಿಯುತ್ತದೆ. ಬೋವಿ ಮಾದರಿಯ ಮೊನೆ ಬೆನ್ನಿನ ಮಟ್ಟದ ಹತ್ತಿರವೇ ಇರುತ್ತದೆ. ಚಾಕುವನ್ನು ಮಗುಚಿ ಹಿಡಿದಾಗ ಅದು ಸೀದಾ ಕರುಳಿಗೆ ಗುರಿಯಿಡುತ್ತದೆ. ಲವ್‌ಲೆಸ್ ಚಾಕುವಿನಲ್ಲಿ ಬೆನ್ನು ಮೊನೆಯ ಕಡೆಗೆ ಉಬ್ಬಿ ಬಾಗುತ್ತ ಇಳಿಯುತ್ತದೆ, ಮೊನೆ ಅಲಗಿನ ನಡುಗೆರೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಮಗುಚಿದಾಗ ಕರುಳಿಗೆ ತಾಗುವುದು ಬೆನ್ನಿನ ಆ ನುಣುಪಾದ ಉಬ್ಬು, ಮೊನೆ ಅದಕ್ಕಿಂತ ಮೇಲೇ ಉಳಿಯುತ್ತದೆ. ಜೊತೆಗೆ ಬೆನ್ನಿನ ದಪ್ಪ ಮೊನೆಯ ತನಕ ಮುಂದುವರಿಯುವುದರಿಂದ ತುದಿಗೆ ಬಲವೂ ಬರುತ್ತದೆ.

ಉಳಿದದ್ದೂ ಇಷ್ಟೇ ಯೋಚಿಸಿ ಮಾಡಿದ್ದು. ಅಲಗು ಮೂರೂವರೆಯಿಂದ ನಾಲ್ಕು ಇಂಚು. ಎದೆಗೂಡಿನೊಳಗೆ ಕೈ ಹಾಕಿ ಶ್ವಾಸನಾಳ ಕೊಯ್ಯುವಾಗ ಅಲಗಿನ ತುದಿ ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಿರಬೇಕು, ಹತ್ತಿಂಚಿನ ಅಲಗಿನಲ್ಲಿ ಅದು ಆಗದ ಮಾತು. ಅಲಗಿನ ಎರಡೂ ಪಕ್ಕವನ್ನು ಚಕ್ರದ ಮೇಲೆ ಒಳಬಾಗಿ ಸಾಣೆ ಹಿಡಿದಿರುವುದರಿಂದ ಬಾಯಿಯ ಹಿಂದಿನ ಲೋಹ ತೆಳುವಾಗಿರುತ್ತದೆ. ಎಷ್ಟೋ ಸಲ ಮಸೆದ ಮೇಲೂ ಚೆನ್ನಾಗಿ ಕೊಯ್ಯುತ್ತದೆ. ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೆ ಹೋಗುತ್ತದೆ, ಹೋಗುತ್ತ ಹೋಗುತ್ತ ತೆಳುವಾಗುತ್ತದೆ. ಅದರಿಂದ ತೂಕ ಹಿಡಿಯ ಕಡೆಗೆ ಜಗ್ಗುವುದಿಲ್ಲ.

ಹಿಡಿಗೆ ಹಿಂದೆ ಎಲ್ಲರೂ ಬಯಸುತ್ತಿದ್ದುದು ಭಾರತದ ಕಡವೆಯ ಕೊಂಬನ್ನು. ಅದರ ಒಳತಿರುಳು ಕಡಿಮೆ, ಹೊರಮೈ ಉಬ್ಬುತಗ್ಗು, ಹಿಡಿತ ಗಟ್ಟಿ. ಶೆಫೀಲ್ಡ್‌ನಿಂದ ಅಮೆರಿಕದವರೆಗೆ ನಮ್ಮ ಕಾಡಿನ ಕೊಂಬು ಹೋಗುತ್ತಿತ್ತು. ಭಾರತ ಅದರ ರಫ್ತು ನಿಲ್ಲಿಸಿದ ಮೇಲೆ ಹಳೇ ದಾಸ್ತಾನಿನ ಕೊಂಬಿಗೆ ಬೆಲೆ ಏರಿತು. ಲವ್‌ಲೆಸ್ ಕೊಂಬನ್ನೂ ಬಳಸಿದ. ಆದರೆ ಕೆಲಸದ ಚಾಕುವಿಗೆ ಅವನ ಹಿಡಿ ಎಂದರೆ ಮಿಕಾರ್ಟ. ಕ್ಯಾನ್‌ವಾಸ್ ಬಟ್ಟೆಯ ಪದರಗಳನ್ನು ರಾಳದಲ್ಲಿ ನೆನೆಸಿ, ಒತ್ತಿ ಗಟ್ಟಿ ಮಾಡಿದ ವಸ್ತು ಅದು, ಹುಟ್ಟಿದ್ದು ವಿದ್ಯುತ್ ಸಾಮಾನಿನ ನಿರೋಧಕವಾಗಿ. ಬಿರಿಯುವುದಿಲ್ಲ, ಊದಿಕೊಳ್ಳುವುದಿಲ್ಲ, ಒದ್ದೆ ಕೈಯಲ್ಲೂ ಜಾರುವುದಿಲ್ಲ.

ಉಕ್ಕಿನ ಜಗಳ

ಆಕಾರ ಒಂದು ತೀರ್ಮಾನಕ್ಕೆ ಬಂದರೂ ಉಕ್ಕಿನ ಜಗಳ ಮುಗಿಯಲಿಲ್ಲ, ಮುಗಿಯುವಂಥದ್ದೂ ಅಲ್ಲ. ಚಾಕುವಿನ ಉಕ್ಕಿನಿಂದ ಮೂರು ಗುಣ ಬಯಸುತ್ತೇವೆ: ಬಾಯಿ ಬೇಗ ಮೊಂಡಾಗಬಾರದು, ಅಲಗು ಮುರಿಯಬಾರದು, ತುಕ್ಕು ಹಿಡಿಯಬಾರದು. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಸಾದಾ ಕಾರ್ಬನ್ ಉಕ್ಕಿಗೆ ಹದ ಹಾಕುವುದನ್ನು ನೋಡಿದರೆ ಈ ಎಳೆದಾಟ ಕಣ್ಣಿಗೇ ಕಾಣುತ್ತದೆ. ಅಲಗನ್ನು ಕೆಂಪಗೆ ಕಾಸುತ್ತ ಆಗಾಗ ಅಯಸ್ಕಾಂತ ತಾಗಿಸುತ್ತಾರೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅಯಸ್ಕಾಂತ ಹಿಡಿಯುವುದಿಲ್ಲ. ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಹೊರಬಂದ ಅಲಗಿನ ಮೇಲೆ ಅರ ಜಾರುತ್ತದೆ, ಅಷ್ಟು ಗಡಸು. ಆದರೆ ಆ ಸ್ಥಿತಿಯಲ್ಲಿ ನೆಲಕ್ಕೆ ಬಿದ್ದರೆ ಹಪ್ಪಳದ ಹಾಗೆ ಮುರಿದೀತು. ಅದಕ್ಕೇ ಮತ್ತೆ ಸುಮಾರು 200 ಡಿಗ್ರಿಯಲ್ಲಿ ನಿಧಾನ ಕಾಯಿಸುತ್ತಾರೆ. ಉಜ್ಜಿ ಹೊಳಪು ಮಾಡಿದ ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಹದ ಬಂತೆಂದು ಲೆಕ್ಕ. ಗಡಸು ಒಂದಿಷ್ಟು ಬಿಟ್ಟುಕೊಟ್ಟು ಜಿಗುಟು ಕೊಂಡುಕೊಳ್ಳುವ ವ್ಯಾಪಾರ ಇದು.

ಲವ್‌ಲೆಸ್ ಈ ಸಾದಾ ಉಕ್ಕನ್ನು ಬಿಟ್ಟು 1970ರ ದಶಕದ ಆರಂಭದಲ್ಲಿ 154ಸಿಎಂ ಎಂಬ ತುಕ್ಕು ನಿರೋಧಕ ಉಕ್ಕಿಗೆ ಹೋದ. ಸುಮಾರು ಶೇ 1ರಷ್ಟು ಇಂಗಾಲ, ಶೇ 14 ಕ್ರೋಮಿಯಂ, ಶೇ 4 ಮಾಲಿಬ್ಡಿನಂ ಇರುವ ಇದು ಜೆಟ್ ಎಂಜಿನ್‌ನ ಬೇರಿಂಗಿನಂಥ, ಬಿಸಿ ತಾಳಬೇಕಾದ ಭಾಗಗಳಿಗಾಗಿ ಬಂದ ಉಕ್ಕು. ರಕ್ತ, ಉಪ್ಪು, ಮಳೆ ಯಾವುದಕ್ಕೂ ಬೇಗ ಬಗ್ಗುವುದಿಲ್ಲ. ಜಪಾನಿನ ಹಿಟಾಚಿ ಕಂಪನಿಯ ಎಟಿಎಸ್-34 ಅದರದೇ ಸೋದರ.

ಇದಕ್ಕೆ ಎದುರು ಪಕ್ಷ ಕಟ್ಟಿದವನು ಮೇರಿಲ್ಯಾಂಡಿನ ಬಿಲ್ ಮೊರಾನ್. ಬಡಿದು ಮಾಡಿದ ಅಲಗೇ ಅಲಗು ಎಂಬುದು ಅವನ ವಾದ. 1973ರಲ್ಲಿ ಗಿಲ್ಡ್‌ನ ಪ್ರದರ್ಶನಕ್ಕೆ ಅವನು ತಂದ ಅಲಗುಗಳ ಮೇಲೆ ನೀರಿನ ಅಲೆಯಂಥ ಗೆರೆಗಳಿದ್ದವು. ಎರಡು ಬಗೆಯ ಲೋಹವನ್ನು ಮಡಿಸಿ ಬೆಸೆದ ‘ಡಮಾಸ್ಕಸ್’ ಅದು. 1976ರಲ್ಲಿ ಅವನ ಮುಂದಾಳತ್ವದಲ್ಲಿ ‘ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ’ ಹುಟ್ಟಿತು. ಆ ಸಂಸ್ಥೆಯ ಪರೀಕ್ಷೆ ಇಂದಿಗೂ ಕಠಿಣ. ಇಳಿಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಬೀಸಿಗೆ ಕತ್ತರಿಸಬೇಕು. ಎರಡಿಂಚು ದಪ್ಪ, ನಾಲ್ಕಿಂಚು ಅಗಲದ ಮರದ ತುಂಡನ್ನು ಎರಡು ಸಲ ಕಡಿದು ತುಂಡರಿಸಬೇಕು. ಅಷ್ಟಾದ ಮೇಲೂ ಅದೇ ಅಲಗು ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಅಲಗನ್ನು ವೈಸಿಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಒಂದು ಸಂಗತಿ ಇಲ್ಲಿ ಗಮನಿಸಬೇಕು. ಜಿಂಕೆ ಸುಲಿಯುವವನು ಇದರಲ್ಲಿ ಯಾವುದನ್ನೂ ಮಾಡುವುದಿಲ್ಲ. ಪರೀಕ್ಷೆ ಅಳೆಯುವುದು ಕಮ್ಮಾರನ ಕೈಯನ್ನು. ಬೇಟೆ ಚಾಕುವಿನ ಯೋಗ್ಯತೆ ತಿಳಿಯಬೇಕಾದರೆ ಜಿಂಕೆಯೇ ಬೇಕು.

ಮೈಸೂರು ಸೀಮೆಯ ಮೂಸೆ

ಉಕ್ಕಿನ ಈ ಹುಡುಕಾಟ ಒಂದು ಹಂತದಲ್ಲಿ ನಮ್ಮ ನೆಲಕ್ಕೇ ಬಂದು ಮುಟ್ಟುತ್ತದೆ. ಮೊರಾನ್ ಮಾಡಿದ್ದು ಮಡಿಸಿ ಬೆಸೆದ ಉಕ್ಕು. ಪಶ್ಚಿಮ ಏಷ್ಯಾದ ಹಳೆಯ ಪ್ರಸಿದ್ಧ ಡಮಾಸ್ಕಸ್ ಕತ್ತಿಗಳ ಉಕ್ಕು ಬೇರೆ. ಅದು ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾಗಿ ಗಟ್ಟಿಗಳ ರೂಪದಲ್ಲಿ ಹಡಗು ಹತ್ತುತ್ತಿತ್ತು. ಟಿಪ್ಪು ಸುಲ್ತಾನನ ಪತನದ ನಂತರ 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕಬ್ಬಿಣದ ತುಂಡುಗಳ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಸೇರಿಸಿ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿ ಒತ್ತುತ್ತ ಗಂಟೆಗಟ್ಟಲೆ ಕಾಸುತ್ತಿದ್ದರು. ಗಿಡದ ಇಂಗಾಲ ಕಬ್ಬಿಣದೊಳಗೆ ಸೇರಿ ಉಕ್ಕಾಗುತ್ತಿತ್ತು. ಲಂಡನ್ನಿನಲ್ಲಿ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕಿಗೆ ಮರುಳಾದ. ಮೈಕೇಲ್ ಫ್ಯಾರಡೆ ವಿದ್ಯುತ್ತಿನ ಪ್ರಯೋಗಗಳಿಂದ ಹೆಸರು ಮಾಡುವ ಮೊದಲು, 1819ರಲ್ಲಿ, ಇದನ್ನೇ ವಿಶ್ಲೇಷಿಸಿ ಪ್ರಬಂಧ ಪ್ರಕಟಿಸಿದ.

ಆ ಅಲೆಗೆರೆಗಳ ಗುಟ್ಟು ಬಿಡಿಸಲು ಇನ್ನೂ ನೂರೆಂಬತ್ತು ವರ್ಷ ಬೇಕಾಯಿತು. ಫ್ಲಾರಿಡಾದ ಅಲ್ ಪೆಂಡ್ರೆ ಎಂಬ ಲಾಳ ಕಟ್ಟುವವನು ಮತ್ತು ಜಾನ್ ವರ್ಹೋವನ್ ಎಂಬ ಲೋಹವಿಜ್ಞಾನಿ ಜೊತೆಗೂಡಿ ಪ್ರಯೋಗ ನಡೆಸಿ, 1998ರಲ್ಲಿ ಪ್ರಬಂಧ ಬರೆದರು. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ವನೇಡಿಯಂನಂಥ ಧಾತುಗಳೇ ಕಾರ್ಬೈಡ್ ಕಣಗಳನ್ನು ಸಾಲಾಗಿ ನಿಲ್ಲಿಸಿ ಗೆರೆ ಮೂಡಿಸುತ್ತವೆ ಎಂದು ತೋರಿಸಿದರು. ಬೆಂಗಳೂರಿನಲ್ಲೇ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಈ ಉಕ್ಕಿನ ಬಗ್ಗೆ ಪುಸ್ತಕ ಬರೆದಿದ್ದಾರೆ. ಇಂದಿನ ಅಮೆರಿಕನ್ ಚಾಕು ತಯಾರಕರು ಪುಡಿಲೋಹದಿಂದ ಮಾಡಿದ, ವನೇಡಿಯಂ ತುಂಬಿದ ಉಕ್ಕುಗಳನ್ನು ಹೊಸ ಆವಿಷ್ಕಾರವೆಂದು ಕೊಳ್ಳುತ್ತಾರೆ. ತುಮಕೂರು, ಮಾಗಡಿ ಕಡೆಯ ಮೂಸೆಗಾರರು ಹೆಸರು ಗೊತ್ತಿಲ್ಲದೆಯೇ ಅದೇ ಜಾತಿಯ ಧಾತುವಿನ ಜೊತೆ ಕೆಲಸ ಮಾಡಿದ್ದಿರಬಹುದು.

ಕೊಡಗಿನ ಕತ್ತಿ ಬೇರೆ ಉತ್ತರ

ಕೆಲಸ ಬೇರೆಯಾದರೆ ಆದರ್ಶವೂ ಬೇರೆಯಾಗುತ್ತದೆ ಎನ್ನುವುದಕ್ಕೆ ಕೊಡಗಿನ ಒಡಿಕತ್ತಿ ಸಾಕ್ಷಿ. ಅಗಲವಾಗಿ ಬಾಗಿದ, ತೂಕವೆಲ್ಲ ಮುಂದಕ್ಕಿರುವ ಅಲಗು. ಅದನ್ನು ಸೊಂಟದ ಹಿಂದೆ, ತೊಡಂಗ್ ಎಂಬ ಲೋಹದ ಕೊಕ್ಕೆಗೆ ಸಿಕ್ಕಿಸುತ್ತಾರೆ. ಪೊದೆ ಸವರಿ ದಾರಿ ಮಾಡಿಕೊಳ್ಳಬೇಕಾದ ಮಲೆನಾಡಿನಲ್ಲಿ ಹುಟ್ಟಿದ ಆಕಾರ. ಅದರ ಜೊತೆಗೆ ಮುಂದೆ, ಕೆಂಪು ಚೇಲೆಯಲ್ಲಿ ಸಿಕ್ಕಿಸುವ ಪುಟ್ಟ ಪೀಚೆಕತ್ತಿ. ಕಡಿಯಲು ಒಂದು, ಚುಚ್ಚಿ ಕೊಯ್ಯಲು ಇನ್ನೊಂದು: ನೆಸ್ಮುಕ್ ಪುಸ್ತಕದಲ್ಲಿ ಬರೆದ ಬುದ್ಧಿಯನ್ನು ಕೊಡವರು ನಡುಕಟ್ಟಿನಲ್ಲೇ ಇಟ್ಟುಕೊಂಡಿದ್ದರು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಜೊತೆ ಇವುಗಳಿಗೂ ಪೂಜೆಯಾಗುತ್ತದೆ. ಮದುವೆಯಲ್ಲಿ ಬಾಳೆದಿಂಡು ಕಡಿಯಲು ಒಡಿಕತ್ತಿಯೇ ಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಮುಗಿದ ಅಧ್ಯಾಯ, ಮುಗಿದದ್ದು ಒಳ್ಳೆಯದೇ. ಚಾಕುವಿಗೂ ಕಾನೂನಿನ ಮಿತಿಯಿದೆ: ಮನೆ, ಕೃಷಿ, ಕೈಗಾರಿಕೆ, ವೈಜ್ಞಾನಿಕ ಬಳಕೆಯದ್ದಲ್ಲದೆ, ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಿದ್ದರೆ ಅದು ಶಸ್ತ್ರಾಸ್ತ್ರ ನಿಯಮಗಳಡಿ ಆಯುಧದ ಸಾಲಿಗೆ ಸೇರುತ್ತದೆ.

ಅಮೆರಿಕದಲ್ಲೂ ಆದರ್ಶ ಬೇಟೆ ಚಾಕುವಿನ ಗತಿ ವಿಚಿತ್ರವಾಗಿದೆ. ಲವ್‌ಲೆಸ್ ಕೈಯಿಂದ ಮಾಡಿದ ಚಾಕುಗಳು ಇಂದು ಸಾವಿರಾರು ಡಾಲರಿಗೆ ಹರಾಜಾಗಿ ಸಂಗ್ರಾಹಕರ ಕಪಾಟು ಸೇರುತ್ತವೆ, ಕಾಡು ಕಾಣುವುದಿಲ್ಲ. ಆದರೆ ಅವನ ಆಕಾರ ಕಪಾಟಿನಲ್ಲಿ ಉಳಿಯಲಿಲ್ಲ. ಶ್ರೇಡ್, ಬೆರೆಟ್ಟಾದಂಥ ಕಂಪನಿಗಳು ಅವನ ವಿನ್ಯಾಸದಲ್ಲಿ ಚಾಕು ಮಾಡಿದವು. ಇವತ್ತು ಕೆಲವೇ ನೂರು ರೂಪಾಯಿಯ ಮಡಿಸುವ ಚಾಕುವಿನಲ್ಲೂ ಅದೇ ಇಳಿದ ಮೊನೆ ಕಾಣುತ್ತದೆ. ವಿನ್ಯಾಸಕನಿಗೆ ಇದಕ್ಕಿಂತ ದೊಡ್ಡ ಗೆಲುವು ಬೇಕಿಲ್ಲ.

ಹಾಗಾದರೆ ಆದರ್ಶ ಚಾಕು ಸಿಕ್ಕಿತೇ? ಜಿಂಕೆಯಷ್ಟು ಗಾತ್ರದ ಪ್ರಾಣಿಯನ್ನು ಕಾಡಿನಲ್ಲಿ ಬಿಡಿಸುವ ಒಂದು ಕೆಲಸಕ್ಕೆ ಸಿಕ್ಕಿದೆ: ನಾಲ್ಕು ಇಂಚು, ಇಳಿದ ಮೊನೆ, ತೆಳು ಬಾಯಿ, ಜಾರದ ಹಿಡಿ. ಉಳಿದ ಕೆಲಸಗಳಿಗೆ ಉತ್ತರ ಬೇರೆ. ನಮ್ಮ ಓದುಗರಿಗೆ ಬೇಟೆ ಚಾಕು ಬೇಕಾಗಿಲ್ಲ. ಅಡುಗೆಮನೆಗೆ, ತೋಟಕ್ಕೆ, ಅಡಿಕೆ ಸುಲಿಯಲಿಕ್ಕೆ ಬೇಕು. ಮುಂದಿನ ಸಲ ಕತ್ತಿ ಕೊಳ್ಳುವಾಗ ಹೊಳಪನ್ನು, ಬ್ರಾಂಡನ್ನು, ಉದ್ದವನ್ನು ಪಕ್ಕಕ್ಕಿಟ್ಟು, ದಿನಾ ಏನು ಕೊಯ್ಯುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಊರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಆ ಉತ್ತರವನ್ನು ಕಮ್ಮಾರನಿಗೆ ಹೇಳಿ, ನಿಮ್ಮ ಕೈಯ ಅಳತೆ ಕೊಟ್ಟು ಮಾಡಿಸಿಕೊಳ್ಳಿ. ಕೆಫಾರ್ಟ್ ಮಾಡಿದ್ದೂ ಅಷ್ಟೇ.